ಮುರಿಯುವ ಮುನ್ನ ಬಾಗುವ ಕಬ್ಬಿಣ

2024ನೆಯ ಇಸವಿ ಆಗಸ್ಟ್ ತಿಂಗಳ 10ನೆಯ ತಾರೀಖು ಶನಿವಾರ ರಾತ್ರಿ, ಹನ್ನೊಂದು ಗಂಟೆ ಮೀರಿದ ಮೇಲೆ, ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿಯು ಕಡಿಯಿತು. ಬಾಗಿಲು ನೀರಿನ ರಭಸಕ್ಕೆ ಸಿಕ್ಕಿ ಕೊಚ್ಚಿಹೋಯಿತು. ಜಲಾಶಯವು ಆಗ ತುಂಬಿ ನಿಂತಿದ್ದಿತು. ಹೊಸ ಬಾಗಿಲನ್ನು ಇಳಿಸಬೇಕಾದರೆ ಮೊದಲು ನೀರು ತಗ್ಗಬೇಕು. ಆದುದರಿಂದ ಉಳಿದ ಗೇಟುಗಳನ್ನೂ ತೆರೆದು, ಮೂರು ರಾಜ್ಯಗಳ ರೈತರು ಪೈರಿಗೆಂದು ನಂಬಿಕೊಂಡಿದ್ದ ನೀರನ್ನು ಹಗಲಿರುಳು ಹೊಳೆಗೆ ಬಿಡಬೇಕಾಯಿತು.

ಹಗರಿಬೊಮ್ಮನಹಳ್ಳಿಯವರಾದ ನಮಗೆ ಈ ಜಲಾಶಯವು ಹೊರಗಿನದಲ್ಲ. ಇದರ ಹಿನ್ನೀರು ನಮ್ಮ ತಾಲ್ಲೂಕಿನ ಹೊಲಗಳ ಅಂಚಿಗೆ ಬಂದು ನಿಲ್ಲುವುದು. ಇದರ ಒಡಲಲ್ಲಿ ನಾರಾಯಣದೇವರಕೆರೆಯಂತಹ ಊರುಗಳು ಮುಳುಗಿವೆ. ಕೃಷ್ಣದೇವರಾಯನ ಕಾಲದ ಅಣೆಕಟ್ಟುಗಳಲ್ಲಿ ಮೇಲ್ಗಡೆಯದಾದ ವಲ್ಲಭಾಪುರದ ಕಟ್ಟೆಯೂ ಇದರ ನೀರಿನಡಿಯಲ್ಲಿಯೇ ಇರುವುದು. ಆ ಸುದ್ದಿ ಬಂದ ಮಾರನೆಯ ದಿನ ನಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದ ಒಬ್ಬ ಹಿರಿಯ ಒಕ್ಕಲಿಗರು ನನ್ನನ್ನು ಹೀಗೆ ಕೇಳಿದರು: “ಮೇಷ್ಟ್ರೇ, ಹಗ್ಗ ಹರಿಯಾಕ ಮುಂಚೆ ಎಳಿ ಎಳಿ ಬಿಚ್ಚಿಕೆಂಡು ಹೇಳತೈತಿ. ಈ ಕಬ್ಬಿಣ ಯಾಕ ಹೇಳಲಿಲ್ಲ?”

ಆಗ ನಾನು ಏನನ್ನೂ ಹೇಳಲಾರದೆ ಹೋದೆನು. ನಾನು ಓದಿದುದು ಪಾಠಶಾಲೆಯಲ್ಲಿ. ಕಲಿಸಿದುದು ಸಂಸ್ಕೃತ, ಕನ್ನಡ. ಆದರೆ ಪ್ರಶ್ನೆಯು ಮನಸ್ಸಿನಲ್ಲಿ ನೆಟ್ಟಿತು. ಅದರ ಬೆನ್ನುಹತ್ತಿ ಹೋದಾಗ, ಕಬ್ಬಿಣವು ತನ್ನ ಕಷ್ಟವನ್ನು ಹೇಗೆ ಹೇಳಿಕೊಳ್ಳುವುದು, ಎಂದು ಹೇಳದೆ ಹೋಗುವುದು ಎಂಬುದನ್ನು ತಿಳಿಯಲು ವಿದ್ವಾಂಸರಿಗೆ ಹೆಚ್ಚು ಕಡಿಮೆ ಮುನ್ನೂರು ವರ್ಷ ಹಿಡಿಯಿತೆಂಬುದು ಗೊತ್ತಾಯಿತು. ಆ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಬಲ್ಲಲ್ಲಿಂದಲೇ ಆರಂಭಿಸುವೆನು. ಪಾಠಶಾಲೆಯಲ್ಲಿ ತರ್ಕಕ್ಕೆ ಕುಳಿತ ಹುಡುಗನ ಕೈಗೆ ಮೊದಲು ಬರುವ ಪುಸ್ತಕವು ಅನ್ನಂಭಟ್ಟನ ತರ್ಕಸಂಗ್ರಹ. ಇಪ್ಪತ್ತನಾಲ್ಕು ಗುಣಗಳಲ್ಲಿ ಕೊನೆಯದು ಸಂಸ್ಕಾರ. ಸಂಸ್ಕಾರವು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ವಿಧ. ಬೇರೆ ರೀತಿಗೆ ತಿರುಗಿಸಲ್ಪಟ್ಟ ವಸ್ತುವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ಗುಣವೇ ಸ್ಥಿತಿಸ್ಥಾಪಕ. ಸುತ್ತಿಟ್ಟ ಚಾಪೆಯನ್ನು ಬಿಡಿಸಿ ಕೈಬಿಟ್ಟರೆ ಅದು ಮತ್ತೆ ಸುರುಳಿಗೊಳ್ಳುವುದಲ್ಲವೇ, ಅದೇ ಉದಾಹರಣೆ. ಅದಕ್ಕೂ ಬಹು ಹಿಂದಿನ ಪ್ರಶಸ್ತಪಾದನು ಬಿಲ್ಲು, ಮರದ ಕೊಂಬೆ, ಎಲುಬು, ನೂಲು ಮೊದಲಾದುವನ್ನು ಹೇಳಿರುವನು. ಇಂದಿಗೂ ನಮ್ಮ ಮಕ್ಕಳು ಭೌತಶಾಸ್ತ್ರದಲ್ಲಿ ಓದುವ ‘ಸ್ಥಿತಿಸ್ಥಾಪಕತ್ವ’ವೆಂಬ ಮಾತು ವೈಶೇಷಿಕರ ಮನೆಯಿಂದ ಬಂದುದು.

ಇಲ್ಲಿ ಒಂದು ತೊಡಕುಂಟು. ಅನ್ನಂಭಟ್ಟನ ಪ್ರಕಾರ ಸ್ಥಿತಿಸ್ಥಾಪಕವು ಪೃಥಿವಿಯಲ್ಲಿ ಮಾತ್ರ ಇರತಕ್ಕದ್ದು. ಆದರೆ ಗಣಿಯಿಂದ ಹುಟ್ಟುವ ಚಿನ್ನವೇ ಮೊದಲಾದುವು ಅವನ ಲೆಕ್ಕದಲ್ಲಿ ತೇಜಸ್ಸು. ‘ಮೊದಲಾದುವು’ ಎಂಬಲ್ಲಿ ಕಬ್ಬಿಣವೂ ಸೇರಿದರೆ, ಬಾಗಿಸಿದ ಗರಗಸದ ಅಲಗು ಹಿಂದಕ್ಕೆ ಚಿಮ್ಮುವುದೇಕೆ? ನಾವು ಹುಡುಗರು ಈ ಪ್ರಶ್ನೆಯನ್ನೆತ್ತಿ ಗುರುಗಳನ್ನು ಒಂದು ಮಧ್ಯಾಹ್ನವೆಲ್ಲ ಪೀಡಿಸಿದೆವು. ಅವರು ಕೊನೆಗೆ ನಕ್ಕು, “ಕಮ್ಮಾರನನ್ನು ಹೋಗಿ ಕೇಳಿರಿ” ಎಂದರು. ಆ ಮಾತನ್ನು ನಾವು ಪರಿಹಾಸವೆಂದೇ ತಿಳಿದೆವು. ಶಾಸ್ತ್ರಕಾರರು ಹಿಂದಿರುಗುವ ಗುಣಕ್ಕೆ ಹೆಸರಿಟ್ಟರು; ಹಿಂದಿರುಗದೆ ಉಳಿಯುವ ಬಾಗಿಗೆ ಹೆಸರಿಡಲಿಲ್ಲ. ಆ ಎರಡನೆಯದೇ ಕಮ್ಮಾರನ ಜೀವನ. ಅವನು ನೇರವಾದ ಪಟ್ಟಿಯನ್ನು ಕಾಯಿಸಿ, ಬಡಿದು, ಬಂಡಿಯ ಗಾಲಿಗೆ ಬಳೆ ಮಾಡುವನು. ಅದು ಹಿಂದಿರುಗಿ ನೇರವಾಗಿಬಿಟ್ಟರೆ ಅವನು ಉಪವಾಸ ಬೀಳಬೇಕು. ಇಂಗ್ಲಿಷಿನವರು ಇದಕ್ಕೆ ‘ರೂಪಿಸು’ ಎಂಬರ್ಥದ ಗ್ರೀಕ್ ಮಾತಿನಿಂದ ಪ್ಲಾಸ್ಟಿಕ್ ವಿಕೃತಿಯೆನ್ನುವರು. ಇಂದು ಪ್ಲಾಸ್ಟಿಕ್ ಎಂದರೆ ಕೊಡವೂ ಬಕೆಟ್ಟೂ ಕಣ್ಣ ಮುಂದೆ ಬರುವುದರಿಂದ, ಈ ಲೇಖನದ ಮಟ್ಟಿಗೆ ನಾನು ಅದನ್ನು ‘ಸ್ಥಿರವಿಕೃತಿ’ ಎಂದು ಕರೆಯುವೆನು.

ಎಲ್ಲ ವಸ್ತುಗಳಿಗೂ ಈ ಗುಣವಿಲ್ಲ. ಹಂಪೆಯ ಮಂಟಪಗಳನ್ನು ನೋಡಿದವರು ಒಂದು ವಿಷಯವನ್ನು ಗಮನಿಸಿರಬಹುದು: ಕಂಬಗಳು ಎಷ್ಟೊಂದು ಒತ್ತೊತ್ತಾಗಿವೆ! ಅದು ಶೋಭೆಗಾಗಿ ಮಾತ್ರವಲ್ಲ. ಕಲ್ಲಿನ ತೊಲೆಯು ಅಪಾರವಾದ ಭಾರವನ್ನು ತಲೆಯ ಮೇಲೆ ಹೊರಬಲ್ಲುದು. ಆದರೆ ಬಾಗಿಸಿದಾಗ ಅದರ ಕೆಳಮೈ ಎಳೆಯಲ್ಪಡುವುದು, ಎಳೆತವನ್ನು ಕಲ್ಲು ಸಹಿಸದು. ಸಹಿಸದಾದಾಗ ಜಗ್ಗುವುದೂ ಇಲ್ಲ, ಒಮ್ಮೆಗೇ ಸೀಳುವುದು. ಆದುದರಿಂದ ಶಿಲ್ಪಿಗಳು ಕಲ್ಲನ್ನು ಆ ಪರೀಕ್ಷೆಗೆ ಒಡ್ಡದೆ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿದರು. ನಮ್ಮ ಹಳೆಯ ಮಾಳಿಗೆಯ ಮನೆಗಳ ಮರದ ತೊಲೆಯ ರೀತಿ ಬೇರೆ. ಅದು ವರ್ಷಗಟ್ಟಲೆ ಜಗ್ಗಿ, ಮಳೆಗಾಲದ ರಾತ್ರಿ ಕಿರುಗುಟ್ಟಿ, ಮನೆಯ ಹಿರಿಯರನ್ನು ಎಬ್ಬಿಸುವುದು. ಹಿರಿಯರು ಎದ್ದು ಕೆಳಗೊಂದು ಊರೆಗಂಬ ಕೊಡುವರು.

ಕಬ್ಬಿಣದ ರೀತಿಯು ಇವೆರಡಕ್ಕಿಂತ ವಿಚಿತ್ರವಾದುದು. ಸಾಧಾರಣ ಕಟ್ಟಡದ ಉಕ್ಕಿನ ಒಂದು ಮೀಟರ್ ಉದ್ದದ ಕಂಬಿಯನ್ನು ಎಳೆಯತೊಡಗಿದೆವೆಂದು ಭಾವಿಸಿರಿ. ಚದರ ಸೆಂಟಿಮೀಟರಿಗೆ ಸುಮಾರು 2500 ಕಿಲೋ ಭಾರ ಬೀಳುವವರೆಗೆ ಅದು ಹಿಗ್ಗುವುದು ಒಂದೂಕಾಲು ಮಿಲಿಮೀಟರ್ ಮಾತ್ರ. ಅಲ್ಲಿಯವರೆಗೆ ಕೈಬಿಟ್ಟರೆ ಮೊದಲಿನ ಉದ್ದಕ್ಕೆ ಬಂದು ನಿಲ್ಲುವುದು. ಇದು ಸ್ಥಿತಿಸ್ಥಾಪಕದ ರಾಜ್ಯ. ಅದರಾಚೆಗೆ ಹೋದರೆ ಹಿಂದಿರುಗಲಾರದು, ಆದರೆ ಮುರಿಯುವುದೂ ಇಲ್ಲ. ಒಳ್ಳೆಯ ಉಕ್ಕಾದರೆ ಇಪ್ಪತ್ತು ಸೆಂಟಿಮೀಟರಿನಷ್ಟು ಹಿಗ್ಗಿದ ಮೇಲೆಯೇ ತುಂಡಾಗುವುದು. ಒಂದೂಕಾಲು ಮಿಲಿಮೀಟರನ್ನು ಬರಿಗಣ್ಣು ಕಾಣದು. ಇಪ್ಪತ್ತು ಸೆಂಟಿಮೀಟರನ್ನು ದನಕಾಯುವ ಹುಡುಗನೂ ಕಾಣುವನು. ಈ ಎರಡು ಅಂಕಿಗಳ ನಡುವಣ ಅಂತರವೇ ಕಬ್ಬಿಣದ ಮಾತು.

ಮೊದಲನೆಯ ರಾಜ್ಯದ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ಕನು ಕಂಡುಹಿಡಿದನು. ಬೇರೆಯವರು ತನಗಿಂತ ಮುಂಚೆ ಹೇಳಿಬಿಟ್ಟಾರೆಂದು ಶಂಕಿಸಿ, 1676ರಲ್ಲಿ ಅದನ್ನು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಗಿ ಅಚ್ಚುಹಾಕಿಸಿ, 1678ರಲ್ಲಿ ಬಿಡಿಸಿ ತೋರಿಸಿದನು. ಎಳೆತವೆಷ್ಟೋ ಹಿಗ್ಗುವಿಕೆಯೂ ಅಷ್ಟೇ ಎಂಬುದು ಅದರ ತಾತ್ಪರ್ಯ. ನಮ್ಮ ಪಂಡಿತರು ವಾದದಲ್ಲಿ ಪ್ರಮಾಣವನ್ನು ಮುಚ್ಚಿಟ್ಟುಕೊಳ್ಳುವರೆಂದು ನಿಂದಿಸುವವರು ಇದನ್ನು ನೆನಪಿಡಬೇಕು! ಮುಂದೆ ಫ್ರಾನ್ಸಿನ ನಾವಿಯೇ ಎಂಬವನು 1826ರಲ್ಲಿ ಪ್ರಕಟಿಸಿದ ತನ್ನ ಉಪನ್ಯಾಸಗಳಲ್ಲಿ, ಸೇತುವೆ ಕಟ್ಟಡಗಳ ಯಾವ ಭಾಗವೂ ಸ್ಥಿತಿಸ್ಥಾಪಕದ ಎಲ್ಲೆಯನ್ನು ದಾಟದಂತೆ ಲೆಕ್ಕಹಾಕಬೇಕೆಂಬ ಮಾರ್ಗವನ್ನು ಹಾಕಿಕೊಟ್ಟನು. ನೂರು ವರ್ಷ ಎಂಜಿನಿಯರುಗಳು ಈ ಮಾರ್ಗದಲ್ಲಿಯೇ ನಡೆದರು. ಬಾಗಿ ಹಾಗೆಯೇ ನಿಂತ ಕಬ್ಬಿಣವೆಂದರೆ ಅವರಿಗೆ ಸೋತ ಕಬ್ಬಿಣ. ಸೋಲಿನಾಚೆಗೆ ಏನಿದೆಯೆಂದು ಇಣಿಕಿ ನೋಡುವ ಅಗತ್ಯ ಬಹು ಜನಕ್ಕೆ ತೋರಲಿಲ್ಲ.

ಆದರೆ ಲೆಕ್ಕದ ಎಲ್ಲೆಯೊಳಗೇ ಇದ್ದ ಕಬ್ಬಿಣವು ಮುರಿಯತೊಡಗಿದಾಗ ಅವರು ಬೆಚ್ಚಿದರು. 1842ನೆಯ ಮೇ 8ರಂದು ವರ್ಸೇಲ್ಸಿನ ಉತ್ಸವವನ್ನು ನೋಡಿ ಪ್ಯಾರಿಸಿಗೆ ಹಿಂದಿರುಗುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿಯಿತು. ಬಂಡಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿತು. ಬಾಗಿಲುಗಳಿಗೆ ಬೀಗ ಹಾಕಿದ್ದುದರಿಂದ ಐವತ್ತಕ್ಕೂ ಮಿಕ್ಕಿ ಜನರು ಒಳಗೇ ಬೆಂದುಹೋದರು. ದಕ್ಷಿಣಧ್ರುವದ ಹಿಮಸಮುದ್ರವನ್ನು ಶೋಧಿಸಿ ಬದುಕಿ ಬಂದಿದ್ದ ದ್ಯುಮೋನ್ ದ್ಯುರ್ವಿಲ್ ಎಂಬ ನಾವಿಕನು ತನ್ನ ಹೆಂಡತಿ ಮಗನೊಡನೆ ಸತ್ತುದು ಇಲ್ಲಿಯೇ. ಮರುವರ್ಷ ರ‍್ಯಾಂಕಿನನು ಅಚ್ಚುಗಳ ಮುರಿವಿನ ವಿಷಯವಾಗಿ ಬರೆದನು. ಅನಂತರ ಪ್ರಷ್ಯದ ರೈಲ್ವೆಯ ಎಂಜಿನಿಯರನಾದ ವ್ಯೋಲರನು 1850ರ ದಶಕದಿಂದ ಮೊದಲ್ಗೊಂಡು 1870ರವರೆಗೆ ಅಚ್ಚುಗಳನ್ನು ಲಕ್ಷೋಪಲಕ್ಷ ಸಲ ತಿರುಗಿಸಿ ತಿರುಗಿಸಿ ಪರೀಕ್ಷಿಸಿದನು. ಒಂದು ಸಲಕ್ಕೆ ಹೊರಬಲ್ಲ ಭಾರಕ್ಕಿಂತ ಎಷ್ಟೋ ಕಡಿಮೆಯ ಭಾರವು ಮತ್ತೆ ಮತ್ತೆ ಬಿದ್ದು ಎದ್ದರೆ ಕಬ್ಬಿಣವು ದಣಿಯುವುದು. ಕೂದಲೆಳೆಯಂತಹ ಬಿರುಕು ಮೂಡುವುದು. ಬಿರುಕು ಮೆಲ್ಲನೆ ಒಳಸರಿದು, ಕೊನೆಗೆ ಉಳಿದ ಗಟ್ಟಿಭಾಗವು ಸಾಲದಾದಾಗ ಅಚ್ಚು ಪಟಾರನೆ ಮುರಿಯುವುದು. ಹೊರಗಿನಿಂದ ನೋಡಿದರೆ ಬಾಗಿಲ್ಲ, ಜಗ್ಗಿಲ್ಲ.

ಅಚ್ಚಿನ ಮಾತು ಬಂದುದರಿಂದ ನಮ್ಮೂರ ಕಡೆಯದನ್ನೂ ಹೇಳಿಬಿಡಬೇಕು. 2017ನೆಯ ಫೆಬ್ರವರಿ 21ರಂದು ಕೊಟ್ಟೂರಿನ ಗುರುಬಸವೇಶ್ವರಸ್ವಾಮಿಯ ರಥೋತ್ಸವದಲ್ಲಿ, ಸಾವಿರಾರು ಜನರ ನಡುವೆ, ತೇರು ಉರುಳಿಬಿದ್ದಿತು. ಗಾಲಿಯ ಅಚ್ಚು ಮುರಿದುದೇ ಕಾರಣವೆಂದು ಆಗ ಪತ್ರಿಕೆಗಳು ಬರೆದವು. ಕೆಲವರಿಗೆ ಗಾಯಗಳಾದವು. ವರ್ಷಕ್ಕೊಂದು ದಿನ ಎಳೆಯುವ ತೇರಿಗೂ ದಿನಕ್ಕೆ ಸಾವಿರ ಸಲ ತಿರುಗುವ ರೈಲಿಗೂ ಸಾಮ್ಯವಿಲ್ಲ, ನಿಜ. ಆದರೆ ಗಾಲಿಯನ್ನು ಬಣ್ಣ ಬಳಿದು ಎಲ್ಲರೂ ನೋಡುವರು, ಗಾಲಿಯೊಳಗಿನ ಅಚ್ಚನ್ನು ನೋಡುವವರು ಎಲ್ಲಿಯೂ ಕಡಿಮೆ. ಋಗ್ವೇದದ ಮೊದಲನೆಯ ಮಂಡಲದ 164ನೆಯ ಸೂಕ್ತದಲ್ಲಿ, ಬಹುಭಾರವನ್ನು ಹೊತ್ತೂ ಕಾಯದೆ ಮುರಿಯದೆ ಇರುವ ದಿವ್ಯವಾದ ಅಚ್ಚಿನ ವರ್ಣನೆಯುಂಟು. ಮನುಷ್ಯರ ಬಂಡಿಗಳ ಅಚ್ಚು ಕಾಯುವುದನ್ನೂ ಮುರಿಯುವುದನ್ನೂ ಚೆನ್ನಾಗಿ ಕಂಡವನಲ್ಲದೆ ಬೇರೆಯವನು ಹಾಗೆ ಹೇಳುತ್ತಿರಲಿಲ್ಲವೆಂದು ನನಗೆ ಅನೇಕ ಸಲ ಅನಿಸಿದೆ.

ಇತ್ತ ಸ್ಥಿರವಿಕೃತಿಯ ರಾಜ್ಯದೊಳಕ್ಕೆ ಮೊದಲು ಕಾಲಿಟ್ಟವನು ಪ್ಯಾರಿಸಿನ ಹೆನ್ರಿ ತ್ರೆಸ್ಕ. ಅವನು ಲೋಹಗಳನ್ನು ಭಾರಿ ಯಂತ್ರದಲ್ಲಿ ಅದುಮಿ, ರಂಧ್ರದ ಮೂಲಕ ಹೊರಡಿಸಿ, ಶಾವಿಗೆಯ ಒರಳಿನಿಂದ ಹಿಟ್ಟು ಇಳಿದಂತೆ ಗಟ್ಟಿ ಲೋಹವೂ ಹರಿಯುವುದೆಂದು 1864ರಲ್ಲಿ ಅಲ್ಲಿನ ವಿಜ್ಞಾನ ಪರಿಷತ್ತಿಗೆ ತಿಳಿಸಿದನು. ಲೋಹವು ಹರಿಯಲಾರಂಭಿಸುವುದು ಅದರೊಳಗಿನ ಪದರಗಳ ಮೇಲೆ ಬೀಳುವ ಜಾರುಬಲವು ಒಂದು ಮಿತಿಯನ್ನು ಮುಟ್ಟಿದಾಗ ಎಂಬುದು ಅವನ ಸಿದ್ಧಾಂತ. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ವಿದ್ವಾಂಸರ ಹೆಸರುಗಳಲ್ಲಿ ನಾವಿಯೇ, ತ್ರೆಸ್ಕ ಇಬ್ಬರದೂ ಇವೆ. ಮ್ಯೂನಿಕ್ಕಿನ ಬೌಷಿಂಗರನು 1880ರ ದಶಕದಲ್ಲಿ ಮತ್ತೊಂದು ಸೂಕ್ಷ್ಮವನ್ನು ಕಂಡನು: ಒಂದು ಕಡೆಗೆ ಎಲ್ಲೆ ಮೀರಿ ಎಳೆದ ಕಬ್ಬಿಣವು ಮತ್ತೊಂದು ಕಡೆಗೆ ಒತ್ತಿದಾಗ ಮೊದಲಿಗಿಂತ ಬೇಗನೆ ಸೋಲುವುದು. ಬಾಗಿದ ಕಬ್ಬಿಣಕ್ಕೆ ತಾನು ಬಾಗಿದ್ದುದರ ನೆನಪಿರುವುದೆಂದು ಇದರ ಅರ್ಥ. ವೈಶೇಷಿಕರು ಸ್ಥಿತಿಸ್ಥಾಪಕವನ್ನೂ ಸ್ಮೃತಿಗೆ ಕಾರಣವಾದ ಭಾವನೆಯನ್ನೂ ಸಂಸ್ಕಾರವೆಂಬ ಒಂದೇ ಹೆಸರಿನಡಿಯಲ್ಲಿ ಸೇರಿಸಿದುದು ನನಗೆ ಇಲ್ಲಿ ಜ್ಞಾಪಕಕ್ಕೆ ಬಂದಿತು. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಲು ನನಗೆ ಧೈರ್ಯವಿಲ್ಲ.

ಲೋಹದ ಪದರಗಳು ಜಾರುವುದು ಹೇಗೆಂಬುದು ಮಾತ್ರ 1934ರವರೆಗೆ ಒಗಟಾಗಿಯೇ ಇದ್ದಿತು. ಲೆಕ್ಕದ ಪ್ರಕಾರ ಒಂದು ಪದರವೆಲ್ಲ ಒಮ್ಮೆಗೇ ಜಾರಬೇಕಾದರೆ ಬೇಕಾಗುವ ಬಲವು, ವಾಸ್ತವವಾಗಿ ಬೇಕಾಗುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ಆ ವರ್ಷ ಟೇಲರ್, ಓರೊವಾನ್, ಪೊಲಾನಿ ಎಂಬ ಮೂವರು, ಪರಸ್ಪರ ಕೂಡಿ ಕೆಲಸಮಾಡದೆಯೇ, ಒಂದೇ ಉತ್ತರಕ್ಕೆ ಬಂದರು. ಮದುವೆಯ ಚಪ್ಪರದಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಒಂದು ಗೇಣು ಸರಿಸಬೇಕಾಗಿದೆ. ಇಡೀ ಜಮಖಾನವನ್ನು ಎಳೆದರೆ ಹತ್ತಾಳು ಬೇಕು. ಒಂದು ತುದಿಯಲ್ಲಿ ಸುಕ್ಕು ಮಾಡಿ ಆ ಸುಕ್ಕನ್ನು ಕಾಲಿನಿಂದ ತಳ್ಳುತ್ತ ಹೋದರೆ ಒಬ್ಬನೇ ಸಾಕು. ಲೋಹದ ಅಣುಗಳ ಸಾಲುಗಳಲ್ಲಿ ಅಂತಹ ಸುಕ್ಕುಗಳಿವೆ. ಅವು ಸರಿಯುವುದೇ ಸ್ಥಿರವಿಕೃತಿ. ಬಡಿದಷ್ಟೂ ಸುಕ್ಕುಗಳು ಹೆಚ್ಚಿ ಒಂದಕ್ಕೊಂದು ತೊಡರುವುವು. ಆಗ ಲೋಹವು ಬಿರುಸಾಗುವುದು. ಕಮ್ಮಾರನು ತಣ್ಣಗಾಗಿ ಬಿರುಸಾದುದನ್ನು ಮತ್ತೆ ಕುಲುಮೆಗಿಟ್ಟು ತಿದಿಯೊತ್ತುವುದು ಆ ತೊಡರನ್ನು ಬಿಡಿಸುವುದಕ್ಕಾಗಿ. ಗುರುಗಳು ನಮ್ಮನ್ನು ಅವನಲ್ಲಿಗೆ ಕಳುಹಿಸಿದುದು ಬರಿಯ ಪರಿಹಾಸವಾಗಿರಲಿಲ್ಲವೋ ಏನೋ.

ಈ ನಡುವೆ ಎಂಜಿನಿಯರುಗಳಿಗೆ ಒಂದು ಹೊಸ ದೃಷ್ಟಿ ಬಂದಿದ್ದಿತು. ಹಂಗೆರಿಯ ಕಾಜಿಂಟ್ಸಿಯು ಎರಡೂ ತುದಿಗಳನ್ನು ಗೋಡೆಯಲ್ಲಿ ಬಿಗಿದ ಉಕ್ಕಿನ ತೊಲೆಗಳ ಮೇಲೆ ಭಾರ ಹೇರಿ, ತನ್ನ ಪ್ರಯೋಗಗಳನ್ನು 1914ರಲ್ಲಿ ಪ್ರಕಟಿಸಿದನು. ತೊಲೆಯ ಒಂದು ಸ್ಥಳದಲ್ಲಿ ಎಲ್ಲೆ ಮೀರಿದ ಮಾತ್ರಕ್ಕೆ ತೊಲೆ ಬೀಳುವುದಿಲ್ಲ. ಆ ಸ್ಥಳವು ಕದದ ತಿರುಗಣಿಯಂತೆ ಬಾಗಿ, ತನ್ನ ಪಾಲಿಗಿಂತ ಹೆಚ್ಚಿನ ಭಾರವನ್ನು ನೆರೆಯ ಭಾಗಗಳಿಗೆ ದಾಟಿಸುವುದು. ಹೀಗೆ ಮೂರು ತಿರುಗಣಿಗಳಾದ ಮೇಲೆಯೇ ತೊಲೆ ಬೀಳುವುದು. ಕೂಡು ಕುಟುಂಬದಲ್ಲಿ ಒಬ್ಬನ ಕೈ ಸೋತಾಗ ಉಳಿದವರು ಹೆಗಲು ಕೊಡುವಂತೆ! ಕೇಂಬ್ರಿಡ್ಜಿನ ಜಾನ್ ಬೇಕರನು ಇದನ್ನು ಬೆಳೆಸಿದನು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದ ಮನೆಗಳ ಕೆಳಗೆ ಸಿಕ್ಕಿ ಜನರು ಸಾಯುತ್ತಿದ್ದಾಗ, ಅವನ ಆಲೋಚನೆಯ ಮೇಲೆ 1941ರಿಂದ ಮನೆಮನೆಗೆ ಒಂದು ಉಕ್ಕಿನ ಮೇಜನ್ನು ಹಂಚಿದರು. ಹಗಲು ಅದರ ಮೇಲೆ ಊಟ, ರಾತ್ರಿ ಅದರ ಕೆಳಗೆ ನಿದ್ರೆ. ಮಾಳಿಗೆ ಮೇಲೆ ಬಿದ್ದಾಗ ಸ್ವಲ್ಪವೂ ಬಗ್ಗಬಾರದೆಂದು ಮಾಡಿದ್ದರೆ ಆ ಮೇಜು ಹೊರಲಾರದಷ್ಟು ತೂಕವಾಗುತ್ತಿದ್ದಿತು. ಬೇಕರನು ಅದು ಬಗ್ಗಲಿ, ಬಗ್ಗಿ ಬೀಳುವ ಮನೆಯ ರಭಸವನ್ನು ನುಂಗಲಿ, ಮಲಗಿದವರ ಮೈಗೆ ತಾಗುವ ಮುಂಚೆ ನಿಲ್ಲಲಿ ಎಂದು ಲೆಕ್ಕ ಮಾಡಿದನು. ಐದು ಲಕ್ಷಕ್ಕೂ ಹೆಚ್ಚು ಮೇಜುಗಳು ಹೋದವು. ಎಷ್ಟೋ ಸಂಸಾರಗಳು ಉಳಿದವು. ನೂರು ವರ್ಷ ಸೋಲೆಂದು ಕರೆದುದನ್ನು ಹೀಗೆ ಕಾವಲಿಗೆ ನಿಲ್ಲಿಸಿದರು. ನಮ್ಮ ದೇಶದಲ್ಲಿ ಭೂಕಂಪ ಸಂಭವಿಸುವ ಕಡೆ ಕಟ್ಟಡಗಳ ಕಾಂಕ್ರೀಟಿನೊಳಗೆ ಕಂಬಿಗಳನ್ನು ಹೇಗೆ ಕಟ್ಟಬೇಕೆಂದು 1993ರಲ್ಲಿ ಹೊರಟ ಭಾರತೀಯ ಮಾನಕದ ತಿರುಳೂ ಇದೇ: ಕಟ್ಟಡವು ಬಾಗಲಿ, ಜನರು ಹೊರಕ್ಕೆ ಬರುವವರೆಗೆ ಬೀಳದಿರಲಿ.

ಇಷ್ಟಾದರೂ ಒಕ್ಕಲಿಗರ ಪ್ರಶ್ನೆ ಹಾಗೆಯೇ ಉಳಿದಿದೆ. ಕಬ್ಬಿಣಕ್ಕೆ ಇಷ್ಟು ದೊಡ್ಡ ಬಾಯಿ ಇದ್ದರೆ ಅದು ಕೆಲವೊಮ್ಮೆ ಸುಮ್ಮನಿರುವುದೇಕೆ? ದಣಿವಿನ ಕಾರಣವನ್ನು ಆಗಲೇ ಹೇಳಿದೆನು. ಕಡುಚಳಿಯೂ ಅದನ್ನು ಮೂಗನನ್ನಾಗಿ ಮಾಡುವುದು. 1943ನೆಯ ಜನವರಿಯಲ್ಲಿ ಅಮೆರಿಕದ ಸ್ಕೆನೆಕ್ಟಡಿ ಎಂಬ ಹೊಸ ಹಡಗು ಬಂದರಿನಲ್ಲಿ ನಿಂತಲ್ಲಿಯೇ ಎರಡಾಗಿ ಸೀಳಿತು. ತುಕ್ಕು, ಮೊನೆಯಾದ ಕಚ್ಚು, ಅತಿಯಾಗಿ ಬಿರುಸು ಮಾಡಿದ ಉಕ್ಕು, ಇವೂ ಹಾಗೆಯೇ. ಆದರೆ ನಮ್ಮ ಸರಪಳಿಗೆ ಹತ್ತಿರದ ದೃಷ್ಟಾಂತವು ಅಮೆರಿಕದ ಒಹಾಯೊ ನದಿಯ ಮೇಲಿದ್ದ ಸಿಲ್ವರ್ ಬ್ರಿಜ್ ಎಂಬ ತೂಗುಸೇತುವೆ. 1928ರಲ್ಲಿ ಕಟ್ಟಿದ ಅದನ್ನು ಹೊತ್ತಿದ್ದುದು ಕಣ್ಣುಳ್ಳ ಉಕ್ಕಿನ ಪಟ್ಟಿಗಳನ್ನು ಒಂದಕ್ಕೊಂದು ಪೋಣಿಸಿದ ಸರಪಳಿ. ಒಂದೊಂದು ಕೊಂಡಿಗೆ ಎರಡೇ ಪಟ್ಟಿ. ಉಕ್ಕು ಹೆಚ್ಚು ಬಲವುಳ್ಳದ್ದೆಂದು ಪಟ್ಟಿಗಳು ಎರಡೇ ಸಾಕೆಂದರು. 1967ನೆಯ ಡಿಸೆಂಬರ್ 15ರ ಸಂಜೆ ವಾಹನಗಳು ಕಿಕ್ಕಿರಿದಿದ್ದ ಹೊತ್ತಿನಲ್ಲಿ ಒಂದು ಪಟ್ಟಿಯ ಕಣ್ಣು ಸೀಳಿತು. ಜೊತೆಯ ಪಟ್ಟಿ ಒಂದೇ ನಿಲ್ಲಲಾರದೆ ಕಳಚಿತು. ಒಂದು ನಿಮಿಷದೊಳಗೆ ಸೇತುವೆಯೆಲ್ಲ ನದಿಯಲ್ಲಿ. 46 ಜನರು ಸತ್ತರು. ಸೀಳಿಗೆ ಮೂಲವಾಗಿದ್ದುದು ಸುಮಾರು ಎರಡೂವರೆ ಮಿಲಿಮೀಟರ್ ಆಳದ ಬಿರುಕು. ಅದು ಕೀಲಿನ ಸಂದಿನಲ್ಲಿ ಅಡಗಿದ್ದುದರಿಂದ, ಕೀಲನ್ನು ಬಿಚ್ಚದೆ ಯಾರಿಗೂ ಕಾಣುವಂತಿರಲಿಲ್ಲ. ಆ ದುರಂತದ ಅನಂತರವೇ ಆ ದೇಶದಲ್ಲಿ ಸೇತುವೆಗಳ ನಿಯತ ತಪಾಸಣೆಗೆ ಕಾನೂನು ಬಂದಿತು.

ಆದುದರಿಂದ ಉತ್ತರವು ಎರಡು ಭಾಗವಾಗಿದೆ. ಒಳ್ಳೆಯ ಮೆದು ಉಕ್ಕಿನ ಕೊಂಡಿಯು ಭಾರ ಹೆಚ್ಚಾದಾಗ ಉದ್ದವಾಗಿ ಹೇಳುವುದು. ಭಾರ ಎತ್ತುವ ಸರಪಳಿಗಳನ್ನು ನೋಡಿಕೊಳ್ಳುವವರು ಇಂತಿಷ್ಟು ಕೊಂಡಿಗಳ ಉದ್ದವನ್ನು ಅಳೆದು, ಹೊಸದಾಗಿದ್ದಾಗಿನ ಅಳತೆಯೊಡನೆ ಹೋಲಿಸುವುದು ಇದಕ್ಕಾಗಿಯೇ. ದಣಿದ ಕೊಂಡಿ, ತುಕ್ಕು ತಿಂದ ಕೊಂಡಿ ಉದ್ದವಾಗುವುದಿಲ್ಲ. ಅದರ ಬಾಯಿಂದ ನಾವೇ ಮಾತು ಹೊರಡಿಸಬೇಕು. ರೈಲ್ವೆ ಕಾರ್ಖಾನೆಗಳಲ್ಲಿ ಹಿಂದೆ ಅಚ್ಚಿಗೆ ಎಣ್ಣೆ ಹಚ್ಚಿ, ಒರೆಸಿ, ಮೇಲೆ ಸುಣ್ಣದ ಪುಡಿಯ ಲೇಪ ಕೊಡುತ್ತಿದ್ದರು. ಬಿರುಕಿನೊಳಗೆ ಅಡಗಿದ್ದ ಎಣ್ಣೆ ಜಿನುಗಿ ಬಿಳಿಯ ಮೇಲೆ ಕರಿಯ ಗೆರೆಯಾಗಿ ಮೂಡುತ್ತಿದ್ದಿತು. ಈಗ ಕಿವಿಗೆ ಕೇಳಿಸದ ಧ್ವನಿಯನ್ನು ಲೋಹದೊಳಕ್ಕೆ ಕಳುಹಿಸಿ ಪ್ರತಿಧ್ವನಿಯಿಂದ ತಿಳಿಯುವರು.

ಕೇಳುವುದರ ವಿಷಯದಲ್ಲಿ ನಾನು ಬೇರೆಯವರಿಗೆ ಬುದ್ಧಿ ಹೇಳುವ ಯೋಗ್ಯತೆಯುಳ್ಳವನಲ್ಲ. ನಾನು ಉಪಾಧ್ಯಾಯನಾಗಿದ್ದ ಒಂದು ಶಾಲೆಯಲ್ಲಿ ಗಂಟೆಯ ಬದಲು ರೈಲುಹಳಿಯ ತುಂಡೊಂದನ್ನು ತೊಲೆಗೆ ಕೊಕ್ಕೆ ಹಾಕಿ ತೂಗಬಿಟ್ಟಿದ್ದರು. ಜವಾನರು ದಿನಕ್ಕೆ ಹತ್ತು ಸಲ ಅದಕ್ಕೆ ಸುತ್ತಿಗೆಯಿಂದ ಹೊಡೆಯುವರು. ಪ್ರತಿಯೊಂದು ಪೆಟ್ಟಿಗೂ ಕಾಣದಷ್ಟು ಕಾಣದಷ್ಟಾಗಿ ಆ ಕೊಕ್ಕೆಯ ಬಾಯಿ ಅಗಲವಾಗುತ್ತಿದ್ದಿತು. ನಾನು ಅದನ್ನು ಕಂಡೆನು. ಕಂಡು, ಸ್ಥಿತಿಸ್ಥಾಪಕ ಪದಕ್ಕೆ ಪ್ರತ್ಯುದಾಹರಣೆಯಾಗಿ ಮಕ್ಕಳಿಗೆ ತೋರಿಸಿದೆನು; ಮೂರು ವರ್ಷ ಮೂರು ತರಗತಿಗಳಿಗೆ ಅದೇ ಕೊಕ್ಕೆಯನ್ನು ತೋರಿಸಿ ಪಾಠ ಹೇಳಿದೆನು. ಅದನ್ನು ಬದಲಿಸಬೇಕೆಂದು ಒಂದು ಚೀಟಿಯನ್ನೂ ಬರೆಯಲಿಲ್ಲ. ಒಂದು ಜೂನ್ ತಿಂಗಳ ಬೆಳಿಗ್ಗೆ ಹಳಿಯು ಜಾರಿ ಜವಾನರ ಕಾಲಿನ ಮೇಲೆ ಬಿದ್ದು ಎರಡು ಬೆರಳುಗಳು ಜಜ್ಜಿಹೋದವು. ನಿವೃತ್ತರಾಗುವವರೆಗೂ ಅವರು ಕುಂಟುತ್ತಲೇ ಗಂಟೆ ಹೊಡೆದರು. ನನಗೆ ಒಂದು ದಿನವೂ ಕೆಟ್ಟ ಮಾತಾಡಲಿಲ್ಲ. ಕೊಕ್ಕೆಯನ್ನು ನಾನು ಪಾಠಕ್ಕೆ ಬಳಸಿದ್ದುದು ಅವರಿಗೆ ತಿಳಿದಿತ್ತು.

ತುಂಗಭದ್ರೆಯ ಸರಪಳಿ ಯಾವ ಬಗೆಯಲ್ಲಿ ಕಡಿಯಿತೆಂಬುದು ತಜ್ಞರ ಅಧಿಕಾರದ ವಿಷಯ. ಅದರಲ್ಲಿ ನಾನು ಕೈಹಾಕುವುದಿಲ್ಲ. ಆದರೆ ಆ ಬಾಗಿಲಿನ ಕೆಲಸ ಎಂತಹುದೆಂಬುದನ್ನು ವಾಚಕರು ತಿಳಿದಿರಬೇಕು. ಈ ಅಣೆಕಟ್ಟಿಗೆ 1945ನೆಯ ಫೆಬ್ರವರಿಯಲ್ಲಿ ಮದರಾಸು ಮತ್ತು ಹೈದರಾಬಾದು ಸರ್ಕಾರಗಳ ಕಡೆಯಿಂದ ಎರಡು ದಡಗಳಲ್ಲಿ ಅಸ್ತಿಭಾರ ಹಾಕಿದರು. 1953ರಲ್ಲಿ ನೀರು ನಿಂತಿತು. ಕಟ್ಟೆಯ ಮೈ ಕಲ್ಲು ಮತ್ತು ಸುರ್ಕಿಗಾರೆ. ಅದರ ಮೇಲಿನ ಒಂದೊಂದು ಬಾಗಿಲೂ 60 ಅಡಿ ಅಗಲ, 20 ಅಡಿ ಎತ್ತರ. ನೀರು ಬಾಗಿಲಿನ ತಲೆಯವರೆಗೆ ನಿಂತಾಗ ಒಂದು ಬಾಗಿಲನ್ನು ಅದು ಒತ್ತುವ ಬಲವು, ಶಾಲೆಯ ಲೆಕ್ಕದಿಂದಲೇ ಗುಣಿಸಿ ನೋಡಿದರೆ, ಸುಮಾರು 340 ಟನ್ನು. ಈ ಒತ್ತಡವನ್ನು ಹೊರುವುದು ಇಕ್ಕೆಲದ ಕಂಬಗಳ ಗಾಡಿ. ಸರಪಳಿಯು ಬಾಗಿಲಿನ ತೂಕವನ್ನೂ, ಎತ್ತಿ ಇಳಿಸುವಾಗಿನ ಘರ್ಷಣೆಯನ್ನೂ ಹೊರುವುದು. ಎಪ್ಪತ್ತು ಮಳೆಗಾಲ ಹೀಗೆ ಎತ್ತಿ ಇಳಿಸಿ, ನೆನೆದು, ಒಣಗಿ ಅದು ದುಡಿದಿದ್ದಿತು.

ಅಣೆಕಟ್ಟಿನ ಬಾಗಿಲು ಮಾಡುವ ವಿದ್ಯೆಯು ಒಂದು ಕಾಲಕ್ಕೆ ಹೊಸಪೇಟೆಯದೇ ಆಗಿದ್ದಿತು. ಅಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಾರ್ಖಾನೆಯು 1960ರಲ್ಲಿ ಕಂಪನಿಯಾಗಿ ಏರ್ಪಟ್ಟು, ದೇಶದ ಅನೇಕ ಅಣೆಕಟ್ಟುಗಳಿಗೆ ಗೇಟುಗಳನ್ನು ಮಾಡಿ ಕಳುಹಿಸಿತು. ನಷ್ಟದಲ್ಲಿ ಸಿಕ್ಕಿದ ಅದನ್ನು ಮುಚ್ಚಲು 2015ನೆಯ ಡಿಸೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಒಪ್ಪಿತು. ಒಂಬತ್ತು ವರ್ಷ ತುಂಬುವ ಮುನ್ನ, ಅದೇ ಊರಿನ ಕಟ್ಟೆಯ ಬಾಗಿಲು ಹೋಯಿತು. ಹರಿಯುವ ನೀರಿನಲ್ಲಿ ಇಳಿಸಲು ತಯಾರಾದ ಬದಲಿ ಬಾಗಿಲು ಇರಲಿಲ್ಲ. ಗೇಟುಗಳ ವಿಷಯದಲ್ಲಿ ಬಹುಕಾಲದ ಅನುಭವವಿದ್ದ ಕನ್ನಯ್ಯ ನಾಯ್ಡು ಎಂಬ ವೃದ್ಧ ತಜ್ಞರನ್ನು ಕರೆಸಿದರು. ಬಾಗಿಲನ್ನು ಅಡ್ಡ ಅಡ್ಡ ತುಂಡುಗಳಾಗಿ ಹತ್ತಿರದ ಕಾರ್ಖಾನೆಗಳಲ್ಲಿ ಮಾಡಿಸಿ, ಆಗಸ್ಟ್ 16ರ ಸಂಜೆ ಮೊದಲನೆಯದನ್ನೂ, 17ರಂದು ಐದೂ ತುಂಡುಗಳನ್ನೂ ಇಳಿಸಿ ಕಂಡಿಯನ್ನು ಮುಚ್ಚಿದರು. ದಡದಲ್ಲಿ ನಿಂತಿದ್ದವರು ಕ್ರೇನಿನ ಕೆಲಸಗಾರರಿಗೆ ಜಯಕಾರ ಹಾಕಿದರು. ಆ ವರ್ಷದ ಹಿಂಗಾರಿಗೆ ಮುಂಚೆ ಬಂದ ಮಳೆಯಿಂದ ಜಲಾಶಯವು ಮತ್ತೆ ತುಂಬಿತು.

ಅನಂತರ ತಜ್ಞರ ಸಮಿತಿಯು 33 ಬಾಗಿಲುಗಳನ್ನೂ ಬದಲಿಸಬೇಕೆಂದು ಸಲಹೆ ಕೊಟ್ಟಿತು. ಹೂಳು ತುಂಬಿ ಸುಮಾರು 105 ಟಿ.ಎಂ.ಸಿ. ಅಡಿಗೆ ಇಳಿದಿರುವ ಜಲಾಶಯದಲ್ಲಿ 2025ರ ಮಳೆಗಾಲದಲ್ಲಿ ಬಾಗಿಲುಗಳ ರಕ್ಷಣೆಗೆಂದು ಸುಮಾರು 80 ಟಿ.ಎಂ.ಸಿ. ಅಡಿಯಷ್ಟನ್ನೇ ನಿಲ್ಲಿಸಿದರು. ಬಾಗಿಲುಗಳನ್ನು ಕಳಚಿ ಹೊಸವನ್ನು ಕೂಡಿಸಲು ನೀರು ಕೆಳಗಿಳಿಯಬೇಕಾದುದರಿಂದ, ಆ ವರ್ಷ ಎರಡನೆಯ ಬೆಳೆಗೆ ಕಾಲುವೆಗಳಲ್ಲಿ ನೀರಿಲ್ಲವೆಂದು ನವೆಂಬರಿನಲ್ಲಿ ತೀರ್ಮಾನವಾಯಿತು. ನನ್ನ ಜಗಲಿಯ ಮೇಲೆ ಪ್ರಶ್ನೆ ಕೇಳಿದ ಹಿರಿಯರ ಮಗಳನ್ನು ಕೊಟ್ಟಿರುವುದು ಕಾಲುವೆಯ ಕೆಳಗಿನ ಊರಿಗೆ. ಆ ಮನೆಯವರು ಗದ್ದೆಯಲ್ಲಿ ಆ ಸಲ ಕೂಳೆಯನ್ನೇ ಬಿಟ್ಟು, ಎತ್ತುಗಳಿಗೆ ಮೇವಿಲ್ಲದೆ ಒಂದು ಜೋಡಿಯನ್ನು ಇಲ್ಲಿಗೆ ಕಳುಹಿಸಿದರು. ಅವು ಈಗಲೂ ನಮ್ಮ ಬೀದಿಯ ಹುಣಿಸೆಯ ಮರದ ಕೆಳಗೆ ಕಟ್ಟಿವೆ. ಅವುಗಳ ಕಣ್ಣಿಯನ್ನು ಹಿರಿಯರು ಎರಡು ದಿನಕ್ಕೊಮ್ಮೆ ಬೆರಳಾಡಿಸಿ ನೋಡುವರು.